ಕನ್ನಡಕ್ಕೆ ಮಾತ್ರ ಟೈಮಿಲ್ಲವೇ?



ಕನ್ನಡ ಬೇಡ ಎಂದು ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಧೈರ್ಯವಿಲ್ಲ. ಅದಕ್ಕೇ ಒಂದು ಹೊಸ ವರಸೆ ಕಲಿತಿದ್ದಾರೆ. "ಕನ್ನಡ ಹಾಕಬೇಕು ಅಂತ ನಮಗೂ ತುಂಬಾ ಆಸೆ ಸಾರ್, ಆದರೆ ಟೈಮಿಲ್ಲ!" ಬ್ಯಾಂಕಿನ ಚಲನ್ನಿನಲ್ಲಿ ಕನ್ನಡ ಏಕಿಲ್ಲ? ಟೈಮಿರಲಿಲ್ಲ. ಕಾರ್ಖಾನೆಯ ಅಪಾಯದ ಫಲಕದಲ್ಲಿ ಕನ್ನಡ ಏಕಿಲ್ಲ? ಟೈಮಿರಲಿಲ್ಲ. ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ ಕೊಟ್ಟ ಸೂಚನೆಯ ಹಾಳೆಯಲ್ಲಿ? ಅಯ್ಯೋ, ಅವಸರದಲ್ಲಿ ಬಿಟ್ಟುಹೋಯಿತು! ಇಂಗ್ಲಿಷಿಗೆ ಇರುವ ಟೈಮು, ಹಿಂದಿಗೆ ಇರುವ ಟೈಮು, ಕನ್ನಡದ ಸರದಿ ಬಂದ ಕೂಡಲೇ ಎಲ್ಲಿಗೆ ಓಡಿಹೋಗುತ್ತದೆ? ಇದು ಗಡಿಯಾರದ ದೋಷವೋ, ಗಡಿಯಾರ ಕಟ್ಟಿಕೊಂಡ ಕೈಯ ದೋಷವೋ?

ಈ ಟೈಮಿಲ್ಲದ ಮಹಾತ್ಮೆಯನ್ನು ಕಣ್ಣಾರೆ ನೋಡುವ ಭಾಗ್ಯ ನನಗೆ ಒದಗಿದ್ದು ನಮ್ಮ ಜಿಲ್ಲೆಯಲ್ಲೇ, ಹೆದ್ದಾರಿ ಪಕ್ಕದ ಒಂದು ದೊಡ್ಡ ಕಾಲೇಜಿನ ತಣ್ಣಗಿನ ಸಭಾಂಗಣದಲ್ಲಿ. ಕಾಲೇಜಿನ ಹೆಸರು ಬರೆಯುವುದಿಲ್ಲ. ಒಂದರ ಹೆಸರು ಬರೆದರೆ ಉಳಿದ ಹತ್ತು ಕಾಲೇಜುಗಳು ತಾವು ಪಾರಾದೆವು ಎಂದುಕೊಳ್ಳುತ್ತವೆ. ಅಲ್ಲಿ ನಡೆದದ್ದು ಗಡಿಯಾರ ಇಟ್ಟು ತೆಗೆದ ಕಿರುಚಿತ್ರಗಳ ಪ್ರದರ್ಶನ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 2001ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಮಾರ್ಕ್ ರಪರ್ಟ್, ಲಿಜ್ ಲ್ಯಾಂಗ್‌ಸ್ಟನ್ ಎಂಬಿಬ್ಬರು '48 ಅವರ್ ಫಿಲ್ಮ್ ಪ್ರಾಜೆಕ್ಟ್' ಎಂಬ ಸ್ಪರ್ಧೆ ಶುರು ಮಾಡಿದರು. ಶುಕ್ರವಾರ ಸಂಜೆ ತಂಡಗಳು ಚೀಟಿ ಎತ್ತುತ್ತವೆ. ಹಾಸ್ಯವೋ, ಪತ್ತೇದಾರಿಯೋ, ದೆವ್ವದ ಕಥೆಯೋ, ಚೀಟಿಯಲ್ಲಿ ಬಂದದ್ದು. ಜೊತೆಗೆ ಒಂದು ಪಾತ್ರ, ಒಂದು ವಸ್ತು, ಒಂದು ಸಾಲು ಮಾತು ಕೊಡುತ್ತಾರೆ. ಮೂರೂ ಚಿತ್ರದಲ್ಲಿ ಬರಲೇಬೇಕು. ಕಥೆ ಬರೆದು, ಚಿತ್ರ ತೆಗೆದು, ಕತ್ತರಿಸಿ ಜೋಡಿಸಿ, ಭಾನುವಾರ ಸಂಜೆಗೆ ಒಪ್ಪಿಸಬೇಕು. ಇದು ಲೋಕದ ಎಷ್ಟೋ ನಗರಗಳಿಗೆ ಹಬ್ಬಿತು, ಬೆಂಗಳೂರಿಗೂ ಬಂತು. 2011ರಲ್ಲಿ ನಮ್ಮ ದೇಶದಲ್ಲೇ 'ಇಂಡಿಯಾ ಫಿಲ್ಮ್ ಪ್ರಾಜೆಕ್ಟ್' 50 ಗಂಟೆಯ ಲೆಕ್ಕದಲ್ಲಿ ಶುರುವಾಯಿತು. ಇವನ್ನು ನೋಡಿ ಈಗ ಕಾಲೇಜು ಕಾಲೇಜಿನಲ್ಲೂ ಇಂಥದ್ದು ನಡೆಯುತ್ತಿದೆ.

ಆಟ ಒಳ್ಳೆಯದು. ಅದರ ಬಗ್ಗೆ ನನ್ನ ತಕರಾರಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಹುಡುಗರು ಒಂದು ಕೆಲಸ ಮುಗಿಸುವುದನ್ನು ನೋಡುವುದೇ ಸಂತೋಷ. ನನ್ನ ಸಿಟ್ಟು ಆಟದ ಮೇಲಲ್ಲ, ಆಟ ಆಡಿಸುವವರ ಮೇಲೆ.

ಅಲ್ಲಿಗೆ ನಾನು ಹೋಗಲು ಕಾರಣ ನನ್ನ ಪ್ರೆಸ್ಸು. ಶನಿವಾರ ರಾತ್ರಿ ಒಂಬತ್ತಕ್ಕೆ ಇಬ್ಬರು ಹುಡುಗರು ಬಂದರು. ಸಮಾರಂಭದ ಫ್ಲೆಕ್ಸು, ಪೋಸ್ಟರು, 60 ಪ್ರಮಾಣಪತ್ರ, ಎಲ್ಲ ಮಾರನೆಯ ದಿನ ಮಧ್ಯಾಹ್ನಕ್ಕೆ ಆಗಬೇಕು. ನೋಡಿದೆ. ಮೇಲಿಂದ ಕೆಳಗಿನವರೆಗೆ ಒಂದಕ್ಷರ ಕನ್ನಡವಿಲ್ಲ. "ಕಾಲೇಜಿನ ಹೆಸರು, ಕಾರ್ಯಕ್ರಮದ ಹೆಸರು, ಇಷ್ಟಾದರೂ ಕನ್ನಡದಲ್ಲಿ ಮೇಲೆ ಹಾಕೋಣವಾ ಮರಿ?" ಎಂದೆ. ಹುಡುಗ ಮೊಬೈಲಿನಲ್ಲಿ ಯಾರನ್ನೋ ಕೇಳಿದ. ಉತ್ತರ ಬಂತು: "ಟೈಮಿಲ್ಲ ಅಂತೆ ಅಂಕಲ್. ಡಿಸೈನ್ ಫೈನಲ್ ಆಗಿದೆ. ಆಮೇಲೆ ಸಾಫ್ಟ್‌ವೇರಲ್ಲಿ ಕನ್ನಡ ಸರಿಯಾಗಿ ಬರಲ್ವಂತೆ."

ಯಾರಿಗೆ ಹೇಳುತ್ತಿದ್ದಾರೆ ನೋಡಿ! ಮೊಳೆ ಜೋಡಿಸುವ ಮನೆಯಲ್ಲಿ ಹುಟ್ಟಿದವನಿಗೆ! ನಮ್ಮ ತಂದೆಯ ಕಾಲದಲ್ಲಿ ಟ್ರೆಡಲ್ ಮಿಷಿನ್ನು. ಒಂದೊಂದು ಒತ್ತಕ್ಷರವನ್ನೂ ಕೈಯಲ್ಲಿ ಹೆಕ್ಕಿ, ತಲೆಕೆಳಗಾಗಿ ಜೋಡಿಸಿ, ಕರಡು ತೆಗೆದು, ತಿದ್ದಿ, ಬೆಳಗಾಗುವುದರೊಳಗೆ ಕರಪತ್ರ ಕೊಡುತ್ತಿದ್ದರು. ಆಮೇಲೆ ಡಿಟಿಪಿ ಬಂತು, ಆಫ್‌ಸೆಟ್ ಬಂತು. 1998ರಲ್ಲಿ 'ಬರಹ' ಬಂತು, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಈಗ ಯೂನಿಕೋಡ್ ಇದೆ. ಅಂದದ ಕನ್ನಡ ಅಕ್ಷರಗಳು ಪುಕ್ಕಟೆ ಸಿಗುತ್ತವೆ. ಸಿನಿಮಾ ಜೋಡಿಸುವ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದು ಚೂರಾಗುತ್ತದೆ ಎನ್ನುತ್ತಾರಲ್ಲ, ಅದರ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳು ಎಂದು ಒಂದು ಕಡೆ ಗುರುತು ಹಾಕಿದರೆ ಒತ್ತು, ಕೊಂಬು, ದೀರ್ಘ ಎಲ್ಲ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಎರಡು ನಿಮಿಷದ ಕೆಲಸ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಇನ್ನು ಟೈಮಿನ ಮಾತು. ಅವಸರ ಎಂದರೇನೆಂದು ಪ್ರೆಸ್ಸಿನವನಿಗೆ ಯಾರೂ ಪಾಠ ಹೇಳಬೇಕಿಲ್ಲ. ನಾಮಪತ್ರ ವಾಪಸಾತಿ ಮುಗಿದ ಸಂಜೆಯೇ ಪಂಚಾಯಿತಿ ಅಭ್ಯರ್ಥಿಗಳು ಚಿಹ್ನೆ ಹಿಡಿದುಕೊಂಡು ಓಡಿ ಬರುತ್ತಾರೆ. ಅದೂ ಹೋಗಲಿ, ತಿಥಿ ಕಾರ್ಡು ನೋಡಿ. ಸಾವು ಮುಹೂರ್ತ ಕೇಳಿಕೊಂಡು ಬರುವುದಿಲ್ಲ. ಮನೆಯವರು ಮಣ್ಣು ಮಾಡಿ ಬಂದ ಮಾರನೇ ದಿನ ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ. ಅದರಲ್ಲಿ ತಂದೆಯ ಹೆಸರು, ಊರು, ದಿನ, ನೆಂಟರ ಸಾಲು. ಎಲ್ಲ ಕನ್ನಡದಲ್ಲಿ! ಮಗ ಸಾಫ್ಟ್‌ವೇರ್ ಕಂಪನಿಯಲ್ಲಿರಲಿ, ಮೊಮ್ಮಗ ಇಂಗ್ಲಿಷ್ ಶಾಲೆಯಲ್ಲಿರಲಿ, ಆ ಹಾಳೆ ಕನ್ನಡದಲ್ಲೇ ಬರುತ್ತದೆ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ನನಗೆ "ಟೈಮಿಲ್ಲ, ಇಂಗ್ಲಿಷಿನಲ್ಲಿ ಹಾಕಿಬಿಡಿ" ಎಂದಿಲ್ಲ. ಏಕೆಂದರೆ ಟೈಮಿಲ್ಲದಾಗ ಮನುಷ್ಯನ ಬಾಯಿಗೆ ಬರುವುದೇ ಅವನ ಭಾಷೆ. ಎಡವಿ ಬಿದ್ದವನು 'ಅಮ್ಮಾ' ಎಂದು ಕೂಗುವ ಮೊದಲು ನಿಘಂಟು ತೆಗೆದು ನೋಡುವುದಿಲ್ಲ.

ಅಂದಮೇಲೆ ಕೇಳುತ್ತೇನೆ: 48 ಗಂಟೆಯಲ್ಲಿ ಅವಸರವಾಗಿ ಸಿನಿಮಾ ಮಾಡುವ ದೊಡ್ಡಬಳ್ಳಾಪುರದ ಹುಡುಗ, ವಿಜಯಪುರದ ಹುಡುಗ, ಸೂಲಿಬೆಲೆಯ ಹುಡುಗಿ, ಬಾಯಿಗೆ ಮೊದಲು ಬರುವ ಭಾಷೆಯನ್ನು ನುಂಗಿಕೊಂಡು, ಕಷ್ಟಪಟ್ಟು, ತಡಕಾಡಿ, ಇಂಗ್ಲಿಷಿನಲ್ಲಿ ಏಕೆ ಮಾತಾಡುತ್ತಾರೆ? ಅದು ಟೈಮಿನ ಅಭಾವದಿಂದಲೋ? ಅಲ್ಲ! ಇರುವ ಅಲ್ಪ ಸ್ವಲ್ಪ ಟೈಮನ್ನೂ ಕನ್ನಡ ಮುಚ್ಚಿಡಲು ಖರ್ಚು ಮಾಡುತ್ತಿದ್ದಾರೆ.

ಪರದೆಯ ಮೇಲೆ ಕಂಡದ್ದು

14 ಚಿತ್ರಗಳು. ಕೂತು ಲೆಕ್ಕ ಹಾಕಿದೆ. ಕನ್ನಡದವು ಮೂರು. ಮಾತೇ ಇಲ್ಲದವು ಎರಡು. ಉರ್ದುವೂ ಕನ್ನಡವೂ ಬೆರೆತದ್ದು ಒಂದು. ಟೀ ಅಂಗಡಿಯಲ್ಲಿ ಸಾಲದ ಲೆಕ್ಕದ ಜಗಳ, ಬಹಳ ಚೆನ್ನಾಗಿತ್ತು. ಉಳಿದ ಎಂಟೂ ಇಂಗ್ಲಿಷು, ಹಿಂದಿ. ಕೊನೆಯಲ್ಲಿ ಹೆಸರುಗಳು ಹಾದುಹೋಗುತ್ತವಲ್ಲ, ಅದನ್ನೂ ಓದಿದೆ. ಗೌಡ, ಅಪ್ಪ, ಸ್ವಾಮಿ, ಕುಮಾರ, ಎಲ್ಲ ನಮ್ಮವೇ. ಹೊರಗಿನಿಂದ ಬಂದವರು ನಮ್ಮ ಬಾಯಿ ಕಟ್ಟಿದರು ಎಂದು ದೂರಲು ಅಲ್ಲಿ ಹೊರಗಿನವರೇ ಹೆಚ್ಚಿಗೆ ಇರಲಿಲ್ಲ!

ಮನೆಯಲ್ಲಿ ತೆಲುಗು ಆಡುವವರು, ಉರ್ದು ಆಡುವವರು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಬೇಕಾದಷ್ಟಿದ್ದಾರೆ. ಅವರು ಸಂತೆಯಲ್ಲಿ, ಮಗ್ಗದ ಮನೆಯಲ್ಲಿ, ಹಾಲಿನ ಡೈರಿಯಲ್ಲಿ ಕನ್ನಡ ಆಡಿಕೊಂಡೇ ಬದುಕಿದವರು. ಆ ಟೀ ಅಂಗಡಿ ಚಿತ್ರದ ಹುಡುಗರಿಗೆ ಇದ್ದ ಸರಾಗ, ಕನ್ನಡವೇ ಮನೆಮಾತಾದ ಹುಡುಗರಿಗೆ ಇರಲಿಲ್ಲ ಎಂಬುದೇ ನನ್ನ ಹೊಟ್ಟೆಯ ಉರಿ.

ದೇವನಹಳ್ಳಿ ಕೋಟೆಯಲ್ಲಿ ತೆಗೆದ ಒಂದು ಚಿತ್ರವಿತ್ತು. ಆವತಿ ವಂಶದ ಮಲ್ಲಬೈರೇಗೌಡ 1501ರಲ್ಲಿ ಕಟ್ಟಿಸಿದ ಕೋಟೆ, ಟಿಪ್ಪು ಹುಟ್ಟಿದ ಊರು. ಆ ಗೋಡೆಯ ಮುಂದೆ ಇಬ್ಬರು ಪ್ರೇಮಿಗಳು ಹಿಂದಿಯಲ್ಲಿ ಅತ್ತರು. ಯಾವ ಊರು, ಯಾರ ಕೋಟೆ, ಏನೂ ಇಲ್ಲ. ಗೋಡೆ ಬೇಕು, ಗೋಡೆಯ ಮಾತು ಬೇಡ. ಇದರ ಬಗ್ಗೆ ಇಷ್ಟು ಸಾಕು.

ಇನ್ನೊಂದು ದೊಡ್ಡಬಳ್ಳಾಪುರದ ಪವರ್‌ಲೂಮ್ ಮಗ್ಗದ ಮನೆಯಲ್ಲಿ ತೆಗೆದದ್ದು. ಕಂಡಿಕೆ ಸುತ್ತುವ ಒಬ್ಬ ಹೆಣ್ಣುಮಗಳು. ಆಕೆಯ ಕೈ, ಆಕೆಯ ಬೆರಳು, ಲಾಳಿ, ಕಿಟಕಿಯಿಂದ ಬೀಳುವ ಬೆಳಕು. ಕ್ಯಾಮೆರಾ ಕೆಲಸ ಸೊಗಸಾಗಿತ್ತು, ಸುಳ್ಳು ಹೇಳಬಾರದು. ಆದರೆ ಆಕೆಗೆ ಒಂದು ಮಾತೂ ಇಲ್ಲ. ಮಗ್ಗದ ಶಬ್ದವನ್ನೂ ತೆಗೆದುಹಾಕಿ ಪಿಟೀಲು ಹಾಕಿದ್ದರು. ಅದರ ಮೇಲೆ ಒಬ್ಬ ಹುಡುಗನ ಇಂಗ್ಲಿಷ್ ಕವಿತೆ: ಆಕೆ ಮೌನವನ್ನು ನೇಯುತ್ತಾಳಂತೆ! ಮೌನವಂತೆ! ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಯ ಪಕ್ಕ ಒಂದು ರಾತ್ರಿ ಮಲಗಿ ಎದ್ದವನು ಈ ಮಾತು ಬರೆದಾನೆ? ಆ ಗದ್ದಲದಲ್ಲಿ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಕೂಗಿ, ನೇಕಾರರ ಮನೆಯವರು ಬೀದಿಯಲ್ಲೂ ಗಟ್ಟಿಯಾಗಿ ಮಾತಾಡುತ್ತಾರೆ. ಅಂಥವರನ್ನು ಮೌನಿಗಳನ್ನಾಗಿ ಮಾಡಿದವರು ಯಾರು?

ಅನ್ಯಾಯ ಅಷ್ಟಕ್ಕೇ ಮುಗಿಯಲಿಲ್ಲ. ಆ ಹೆಣ್ಣುಮಗಳೇ ಅಲ್ಲಿಗೆ ಬಂದಿದ್ದರು! ಒಳ್ಳೆಯ ಸೀರೆ ಉಟ್ಟು, ಮಗಳನ್ನು ಕರೆದುಕೊಂಡು, ತನ್ನ ಮುಖ ದೊಡ್ಡ ಪರದೆಯ ಮೇಲೆ ಬರುತ್ತದೆ ಎಂದು ನೋಡಲು ಬಂದಿದ್ದರು. ನನ್ನ ಮುಂದಿನ ಸಾಲಿನಲ್ಲೇ ಕೂತಿದ್ದರು. ಆರು ನಿಮಿಷ ತನ್ನ ಮುಖವನ್ನು ತಾನೇ ನೋಡುತ್ತಾ, ತನ್ನ ಬಗ್ಗೆ ಏನು ಹೇಳುತ್ತಿದ್ದಾರೆಂದು ತಿಳಿಯದೆ, ಕೊನೆಗೆ ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದರು. "ಅಣ್ಣಾ, ಆ ಹುಡ್ಗ ಅದೇನೋ ಹೇಳ್ತಾವ್ನಲ್ಲ ನನ್ ಬಗ್ಗೆ, ಏನಂತೆ?"

ಓದುಗರೇ, ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ? "ಒಳ್ಳೇದೇ ಹೇಳ್ತಾವ್ನೆ ಕಣಮ್ಮ" ಎಂದೆ. ಬೇರೆ ಏನು ಹೇಳಲಿ?

ಆ ಸ್ಪರ್ಧೆಯ ನಿಯಮದ ಹಾಳೆ ನಾನೂ ನೋಡಿದೆ. ಕನ್ನಡ ಚಿತ್ರಕ್ಕೆ ಇಂಗ್ಲಿಷ್ ಸಾಲುಗಳನ್ನು ಕೆಳಗೆ ಕೊಡುವುದು ಕಡ್ಡಾಯ. ಕೊಡದಿದ್ದರೆ ಚಿತ್ರವೇ ತಿರಸ್ಕಾರ. ಇಂಗ್ಲಿಷ್ ಚಿತ್ರಕ್ಕೆ ಕನ್ನಡ ಸಾಲು? ಅಂಥ ನಿಯಮವೇ ಇಲ್ಲ. ಕನ್ನಡ ಬಾರದ ಇಬ್ಬರು ತೀರ್ಪುಗಾರರಿಗೆ ಅರ್ಥವಾಗಬೇಕು; ಇಂಗ್ಲಿಷ್ ಬಾರದ ಅಪ್ಪ ಅಮ್ಮ, ಅಜ್ಜಿ ತಾತ, ಮಗ್ಗದವರು ಅರ್ಧ ಸಭಾಂಗಣ ತುಂಬಿದ್ದರೂ ಅವರಿಗೆ ಅರ್ಥವಾಗಬೇಕಿಲ್ಲ! ಕನ್ನಡ ಚಿತ್ರ ಮಾಡುವ ತಂಡ ಅದೇ 48 ಗಂಟೆಯಲ್ಲಿ ಒಂದು ರಾತ್ರಿಯನ್ನು ಅನುವಾದಕ್ಕೆ ಸುರಿಯಬೇಕು; ಇಂಗ್ಲಿಷ್ ತಂಡ ಆ ಹೊತ್ತಿನಲ್ಲಿ ಬಣ್ಣ ತಿದ್ದಿಕೊಂಡು ಮಲಗಬಹುದು. ಇದು ಸ್ಪರ್ಧೆಯೋ? ಒಬ್ಬನ ಕಾಲಿಗೆ ಕಲ್ಲು ಕಟ್ಟಿ ಓಡಿಸುವ ಪಂದ್ಯವೋ? ಹುಡುಗರು ದಡ್ಡರಲ್ಲ. ಒಂದು ವರ್ಷ ಕಲ್ಲು ಕಟ್ಟಿಕೊಂಡು ಓಡುತ್ತಾರೆ, ಮರುವರ್ಷ ಇಂಗ್ಲಿಷಿನಲ್ಲೇ ತೆಗೆಯುತ್ತಾರೆ. 'ಕನ್ನಡದಲ್ಲಿ ಮಾಡಲು ಟೈಮಿಲ್ಲ' ಎಂಬುದು ಹೀಗೆ ತಯಾರಾಗುತ್ತದೆ ಸ್ವಾಮಿ!

ಚೀಟಿಯಲ್ಲಿ ಕೊಟ್ಟ ಸಾಲೂ ಇಂಗ್ಲಿಷಿನದೇ: 'ಐ ಹ್ಯಾವ್ ನೋ ಟೈಮ್.' ಬದಲಾಯಿಸುವಂತಿಲ್ಲ, ಅನುವಾದಿಸುವಂತಿಲ್ಲ. ಹದಿಮೂರು ತಂಡಗಳು ಅದನ್ನು ಎಲ್ಲೋ ಒಂದು ಕಡೆ ತುರುಕಿ ಕೈತೊಳೆದುಕೊಂಡವು. ಒಂದು ತಂಡ ಮಾತ್ರ ಆ ಸಾಲಿನಿಂದಲೇ ಸಿನಿಮಾ ಮಾಡಿತು. ಕನ್ನಡದ ತಂಡ. ತೂಬಗೆರೆ ಕಡೆಯ ಬಸ್ಸಿಗೆ ಕಾಯುತ್ತಾ ಕೂತ ಒಬ್ಬ ಅಜ್ಜಿ. ಬೆಂಗಳೂರಿನ ಮೊಮ್ಮಗನಿಗೆ ಫೋನು ಮಾಡಿಸುತ್ತಾಳೆ. ಅವನು ಆ ಒಂದು ಇಂಗ್ಲಿಷ್ ಸಾಲು ಹೇಳಿ ಫೋನು ಇಡುತ್ತಾನೆ. ಅಜ್ಜಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಕೂತವನನ್ನು ಕೇಳುತ್ತಾಳೆ, "ಅದೇನಂದ್ನಪ್ಪಾ ಅವ್ನು?" ಅವನಿಗೆ ಹೇಳಲು ಮನಸ್ಸು ಬರುವುದಿಲ್ಲ. ಕಡಲೆಕಾಯಿ ಮಾರುವವಳನ್ನು ಕೇಳುತ್ತಾಳೆ. ಕಂಡಕ್ಟರನ್ನು ಕೇಳುತ್ತಾಳೆ. ಒಬ್ಬರೂ ಹೇಳುವುದಿಲ್ಲ. ಒಬ್ಬ "ಊಟ ಆಯ್ತಾ ಅಂತ ಕೇಳ್ದ ಅಜ್ಜಿ" ಎನ್ನುತ್ತಾನೆ. ಅಜ್ಜಿ ನಗುತ್ತಾ ಬಸ್ಸು ಹತ್ತುತ್ತಾಳೆ. ಐದು ನಿಮಿಷ. ಮೊದಲು ನಗುತ್ತಿದ್ದ ಸಭಾಂಗಣ ಕೊನೆಯಲ್ಲಿ ಗಪ್‌ಚಿಪ್ಪಾಯಿತು. ನನ್ನ ಮುಂದಿನ ಸಾಲಿನ ಆ ಹೆಣ್ಣುಮಗಳು ಕಣ್ಣೊರೆಸಿಕೊಂಡರು.

ಬಹುಮಾನ ಬಂತೇ? ಇಲ್ಲ! ತೀರ್ಪುಗಾರ ಮಹಾಶಯರು ವೇದಿಕೆಯ ಮೇಲೆ ಅಪ್ಪಣೆ ಕೊಡಿಸಿದರು: ಭಾವನೆ ಚೆನ್ನಾಗಿದೆ, ಆದರೆ ಬಹಳ 'ರೀಜನಲ್' ಆಯಿತು, 'ಯೂನಿವರ್ಸಲ್' ಆಗಬೇಕಿತ್ತು. ಮೊದಲ ಬಹುಮಾನ ಮೌನ ನೇಯುವ ಚಿತ್ರಕ್ಕೆ.

ಹಿತ್ತಲ ಗಿಡ ಮದ್ದಲ್ಲವೇ?

'ರೀಜನಲ್' ಎಂಬ ಈ ಪದವನ್ನು ಕೇಳಿ ಕೇಳಿ ಸಾಕಾಗಿದೆ. ಲಂಡನ್ನಿನ ಒಂದು ಗಲ್ಲಿಯ ಕಥೆ ಲೋಕದ ಕಥೆ, ತೂಬಗೆರೆ ಬಸ್ಸಿನ ಕಥೆ ತಾಲ್ಲೂಕಿನ ಕಥೆ! ಈ ಮಹಾಶಯರಿಗೆ ಒಂದು ಹೆಸರು ನೆನಪಿಸುತ್ತೇನೆ. ಚಿದಾನಂದ ಎಸ್. ನಾಯ್ಕ. ಮೈಸೂರಿನ ಹುಡುಗ, ಓದಿದ್ದು ವೈದ್ಯಕೀಯ. ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ, ಒಂದು ವರ್ಷದ ಕೋರ್ಸಿನ ಕೊನೆಗೆ ಒಂದು ಕಿರುಚಿತ್ರ ಮಾಡಿದರು. ಊರಿನ ಕೋಳಿಯನ್ನು ಕದ್ದೊಯ್ಯುವ ಒಬ್ಬ ಅಜ್ಜಿ. ಕೋಳಿ ಕೂಗದೆ ಊರಿಗೆ ಬೆಳಕೇ ಹರಿಯುವುದಿಲ್ಲ. ನಮ್ಮ ಅಜ್ಜಿಯರು ಹೇಳುತ್ತಿದ್ದ ಜನಪದ ಕಥೆ. ಭಾಷೆ ಕನ್ನಡ. ಚಿತ್ರೀಕರಣಕ್ಕೆ ಅವರಿಗೆ ಸಿಕ್ಕಿದ್ದು ನಾಲ್ಕೇ ದಿನ. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ, ಲೋಕದ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳು ಪೈಪೋಟಿ ಮಾಡುವ 'ಲಾ ಸಿನೆಫ್' ವಿಭಾಗದಲ್ಲಿ ಮೊದಲ ಬಹುಮಾನ ಆ ಕನ್ನಡ ಚಿತ್ರಕ್ಕೆ ಬಂತು! ಅಲ್ಲಿ ಯಾರೂ 'ರೀಜನಲ್' ಎನ್ನಲಿಲ್ಲ. ಫ್ರೆಂಚರ ನೆಲದಲ್ಲಿ ಕನ್ನಡದ ಅಜ್ಜಿ ಗೆದ್ದಳು, ದೊಡ್ಡಬಳ್ಳಾಪುರದ ನೆಲದಲ್ಲಿ ಕನ್ನಡದ ಅಜ್ಜಿ ಸೋತಳು. ಯಾರಿಗೆ ನಾಚಿಕೆಯಾಗಬೇಕು?

ಗಡಿಯಾರದ ಜೊತೆ ಪಂದ್ಯ ಕಟ್ಟುವುದನ್ನು ಅಮೆರಿಕದವರಿಂದ ಕಲಿಯುವ ಗತಿಯೂ ಕನ್ನಡಕ್ಕಿಲ್ಲ. ವಾಷಿಂಗ್ಟನ್ನಿನಲ್ಲಿ ಈ ಸ್ಪರ್ಧೆ ಹುಟ್ಟುವುದಕ್ಕೆ 12 ವರ್ಷ ಮೊದಲೇ, 1989ರಲ್ಲಿ, ದಿನೇಶ್ ಬಾಬು ಅವರು 'ಇದು ಸಾಧ್ಯ' ಎಂಬ ಪೂರ್ಣ ಪ್ರಮಾಣದ ಚಿತ್ರವನ್ನು ಎರಡು ದಿನದೊಳಗೆ ಚಿತ್ರೀಕರಿಸಿ ಮುಗಿಸಿದರು. ಅನಂತನಾಗ್, ಶಂಕರನಾಗ್ ಅಂಥ ಕಲಾವಿದರು ನಟಿಸಿದ್ದರು. ಆಗ ಮೊಬೈಲ್ ಕ್ಯಾಮೆರಾ ಇರಲಿಲ್ಲ, ನೆನಪಿಡಿ. ರೀಲಿನ ಮೇಲೆ ತೆಗೆದದ್ದು, ಕೆಟ್ಟರೆ ಕೆಟ್ಟಿತು. 2010ರಲ್ಲಿ ಬಿಡುಗಡೆಯಾದ ಶಿವರಾಜಕುಮಾರ್ ಅವರ 'ಸುಗ್ರೀವ' 18 ಗಂಟೆಯಲ್ಲಿ ಚಿತ್ರೀಕರಣಗೊಂಡದ್ದು. ಚಿತ್ರಗಳು ಎಷ್ಟು ಒಳ್ಳೆಯವು ಎಂಬ ಚರ್ಚೆ ಬೇರೆ. 'ಇದು ಸಾಧ್ಯ' ನನಗೆ ಇಷ್ಟ, ಇನ್ನೊಂದು ಅಷ್ಟಿಲ್ಲ. ಆದರೆ ಅಷ್ಟು ಅವಸರದಲ್ಲೂ ಆ ಜನ ಕನ್ನಡ ಮಾತಾಡುವುದಕ್ಕೆ ಟೈಮು ಹೊಂದಿಸಿಕೊಂಡಿದ್ದರು!

ಈಗ ನಮ್ಮವರಿಗೇ ಎರಡು ಮಾತು. ಬೇಜಾರಾದರೆ ಆಗಲಿ. ನಾಮಫಲಕಕ್ಕಾಗಿ 2023ರ ಡಿಸೆಂಬರಿನಲ್ಲಿ ಸಾದಹಳ್ಳಿಯಲ್ಲಿ ಕನ್ನಡಿಗರು ಬೀದಿಗಿಳಿದರು. 2024ರಲ್ಲಿ ಕಾನೂನು ತಿದ್ದುಪಡಿಯಾಗಿ, ಅಂಗಡಿ ಮುಂಗಟ್ಟುಗಳ ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದಾಯಿತು. ಒಳ್ಳೆಯದಾಯಿತು. ಬೋರ್ಡಿಗೆ 60 ಬಂತು, ಪರದೆಗೆ? ಹದಿನೆಂಟು ವರ್ಷದ ಹುಡುಗ ಬೋರ್ಡು ಓದುವುದು ಎಷ್ಟು ಹೊತ್ತು, ಮೊಬೈಲ್ ನೋಡುವುದು ಎಷ್ಟು ಹೊತ್ತು? ಅವನ ಕೈಯಲ್ಲಿ ಕ್ಯಾಮೆರಾ ಇದೆ. ಆ ಕ್ಯಾಮೆರಾ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ತೀರ್ಮಾನ ಮಾಡುವವರು ಯಾರೋ ನಿಯಮದ ಹಾಳೆ ಬರೆಯುವವರು. ನಾವು ನವೆಂಬರ್ ಬಂದರೆ ಚಂದಾ ಎತ್ತಿ, ಶಾಮಿಯಾನ ಹಾಕಿ, ಆರ್ಕೆಸ್ಟ್ರಾ ಕರೆಸಿ, ಶಾಸಕರಿಗೆ ಹಾರ ಹಾಕಿ ಮನೆಗೆ ಹೋಗುತ್ತೇವೆ. ಒಂದು ಆರ್ಕೆಸ್ಟ್ರಾದ ದುಡ್ಡಿನಲ್ಲಿ ತಾಲ್ಲೂಕಿಗೊಂದು ಕಿರುಚಿತ್ರ ಸ್ಪರ್ಧೆ ನಡೆಯುತ್ತದೆ. ಲೆಕ್ಕ ಬೇಕಿದ್ದವರು ನನ್ನ ಪ್ರೆಸ್ಸಿಗೆ ಬನ್ನಿ, ಬರೆದು ತೋರಿಸುತ್ತೇನೆ.

ಕಾಲೇಜುಗಳವರಿಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಕನ್ನಡ ನಾಡಿನ ನೆಲದಲ್ಲಿ, ಕನ್ನಡಿಗರ ಮಕ್ಕಳಿಂದ ಫೀಸು ತೆಗೆದುಕೊಂಡು ನಡೆಸುವ ಪ್ರದರ್ಶನದಲ್ಲಿ, ಬೇರೆ ಭಾಷೆಯ ಚಿತ್ರದ ಕೆಳಗೆ ಕನ್ನಡ ಸಾಲು ಕಡ್ಡಾಯ ಮಾಡಿ. ಯಾವ ಭಾಷೆಯನ್ನೂ ಓಡಿಸಿ ಎನ್ನುತ್ತಿಲ್ಲ. ತೀರ್ಪುಗಾರರಲ್ಲಿ ಕನ್ನಡ ಬಲ್ಲವರು ಅರ್ಧವಾದರೂ ಇರಲಿ. ಅನುವಾದಕ್ಕೆ ಸಮಯ ಬೇಕೆಂದರೆ ಅದನ್ನು 48 ಗಂಟೆಯಿಂದ ಹೊರಗಿಡಿ. ಚಿತ್ರ ಒಪ್ಪಿಸಿದ ಮೇಲೆ ಎಲ್ಲ ತಂಡಕ್ಕೂ ಒಂದು ದಿನ ಕೊಡಿ. ಕರ್ನಾಟಕ ಚಲನಚಿತ್ರ ಅಕಾಡೆಮಿಯವರೂ, ಕನ್ನಡ ಅಭಿವೃದ್ಧಿ ಪ್ರಾಧಿಕಾರದವರೂ ಬೆಂಗಳೂರಿನ ಕಚೇರಿಯಿಂದ ಒಂದು ಗಂಟೆ ದಾರಿ ಈಚೆಗೆ ಬಂದು ನೋಡಲಿ. ವಿಮಾನ ಹತ್ತಲು ಹೇಗೂ ದೇವನಹಳ್ಳಿಗೆ ಬರುತ್ತೀರಲ್ಲ!

ಇನ್ನು ನಮ್ಮ ಸಂಘಗಳಲ್ಲಿ ಯಾರಾದರೂ ಮುಂದೆ ಬಂದು ಸ್ಪರ್ಧೆ ನಡೆಸುವುದಾದರೆ ಪೋಸ್ಟರು, ಚೀಟಿ, ಪ್ರಮಾಣಪತ್ರ ಎಲ್ಲ ನಾನು ಅಚ್ಚು ಹಾಕಿಕೊಡುತ್ತೇನೆ. ಕಾಗದದ ದುಡ್ಡು ಕೊಡಿ, ಕೂಲಿ ಬೇಡ. ಶನಿವಾರ ರಾತ್ರಿ ಒಂಬತ್ತಕ್ಕೆ ಬಂದರೂ ಸರಿ. ಪ್ರದರ್ಶನ ಮಾತ್ರ ತಣ್ಣಗಿನ ಸಭಾಂಗಣದಲ್ಲಿ ಬೇಡ. ನೇಕಾರರ ಬೀದಿಯಲ್ಲಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಮಗ್ಗ ನಿಲ್ಲಿಸುವ ಹೊತ್ತು ವಿಚಾರಿಸಿಕೊಂಡು ಇಡಿ. ಕಂಡಿಕೆ ಸುತ್ತುವ ಆ ತಾಯಿಯನ್ನು ಮೊದಲ ಸಾಲಿನಲ್ಲಿ ಕೂರಿಸಿ, ತೀರ್ಪಿನ ಹಾಳೆಯನ್ನೂ ಅವರ ಕೈಗೇ ಕೊಡಿ.